ಬಸಿರಿನ ಬಣ್ಣ

ಕೆಳಗಿನ ಮನೆಯ ಜಯಲಕ್ಷ್ಮೀ ಪ್ರಣಮ್ಯಾಳ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಎರಡೂ ಕೆನ್ನೆಗಳ ಮೇಲೆ, ಮೂಗಿಗೆ, ಹಣೆಯ ಅಂಚಿಗೆ ಬಂಗು ಹರಡಿಕೊಂಡಿತ್ತು. ಕತ್ತಿನ ಹಿಂಭಾಗವಂತೂ ದೋಸೆ ಕಾವಲಿಯ ಬಣ್ಣಕ್ಕೆ ಬಂದಿತ್ತು. ಜಯಲಕ್ಷ್ಮೀ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತಿರುಗಿಸಿ ನೋಡಿ, "ಪೈಯನ್ ದಾನ್" ಎಂದು ತೀರ್ಪು ಕೊಟ್ಟೇಬಿಟ್ಟಳು. ಗಂಡೇ, ಅನುಮಾನವೇ ಬೇಡ. ತಾನು ದೊಡ್ಡ ಮಗನನ್ನು ಹೊತ್ತಾಗಲೂ ಹೀಗೇ ಆಗಿತ್ತು, ಕನ್ನಡಿ ನೋಡಿಕೊಳ್ಳುವುದಕ್ಕೇ ಬೇಸರವಾಗುತ್ತಿತ್ತು ಎಂದು ತಮಿಳಿನಲ್ಲಿ ಶುರುಮಾಡಿದಳು. ಶುರುಮಾಡಿದರೆ ಅರ್ಧ ಗಂಟೆಗೆ ಕಡಿಮೆಯಿಲ್ಲ.

"ಅಷ್ಟೊಂದು ಕಪ್ಪಾಗಿದೀನಾ ಅತ್ತೆ?" ಎಂದು ಪ್ರಣಮ್ಯಾ ಒಲೆಯ ಮುಂದಿದ್ದ ಪ್ರೇಮಮ್ಮನನ್ನು ಕೇಳಿದಳು. ನಗುತ್ತಲೇ ಕೇಳಿದಳು, ಆದರೆ ಕೈ ಕೆನ್ನೆಯ ಮೇಲೇ ಇತ್ತು.

"ಕಪ್ಪಾದ್ರೆ ಆಯ್ಲಿ ಬಿಡ್ ಹೆಣ್ಣೆ. ಬಣ್ಣ ಎಲ್ಲ ಶಿಶು ಎಳ್ಕಂಡಿತ್. ಹೆತ್ ಮೇಲೆ ತನ್ನಷ್ಟಕ್ಕೆ ವಾಪಾಸ್ ಬತ್ತ್," ಎಂದಳು ಪ್ರೇಮಮ್ಮ. ಸೊಸೆಯ ಮುಖ ನೋಡಿ ಅವಳಿಗೆ ಹೊಟ್ಟೆ ತುಂಬಾ ಸಂತೋಷವಾಗಿತ್ತು. ಮದುವೆಯಾಗಿ ಬಂದಾಗ ಹುಡುಗಿಯದು ಸಿಪ್ಪೆ ತೆಗೆದ ಬಾದಾಮಿಯ ಬಣ್ಣ. ಆ ಬಣ್ಣವನ್ನೆಲ್ಲ ಹೀರಿಕೊಂಡು ಬರುವ ಮಗು ಇನ್ನೆಷ್ಟು ಚೆಂದ ಇದ್ದೀತು ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿಯೂ ಆಗಿತ್ತು.

ಪ್ರೇಮಮ್ಮ ಕುಂದಾಪುರದ ಕಡೆಯವಳು. ಹೋಟೆಲಿನಲ್ಲಿ ರುಬ್ಬುವ ಕೆಲಸಕ್ಕಿದ್ದ ಗಂಡನ ಬೆನ್ನು ಹಿಡಿದು ಈ ತಮಿಳು ಊರಿಗೆ ಬಂದಿದ್ದಳು. ಗಂಡ ಹೋದ ಮೇಲೂ ಕ್ರೋಂಪೇಟೆಯ ಈ ಮಹಡಿ ಮನೆ ಬಿಡಲಿಲ್ಲ. ಮಗ ರೂಪೇಶ್ ಗಿಂಡಿಯ ಕೈಗಾರಿಕಾ ವಸಾಹತಿನ ಎದುರು ಚಿಕ್ಕದೊಂದು ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ. ಮೊದಲ ರೈಲಿಗೆ ಹೋದರೆ ಬರುವಾಗ ಕತ್ತಲೆ. ಹೋಟೆಲಿಗೆ ಬೇಕಾದ ಉಪ್ಪಿನಕಾಯಿಯೆಲ್ಲ ಪ್ರೇಮಮ್ಮ ಮನೆಯಲ್ಲೇ ಹಾಕಿ ಕಳಿಸುತ್ತಿದ್ದಳು. ಅವಳು ಯಾವ ಅಡುಗೆಯನ್ನೂ ರುಚಿ ನೋಡುವವಳಲ್ಲ. ಹಬೆಗೆ ಮೂಗು ಕೊಟ್ಟು, ಉಪ್ಪು ಹೆಚ್ಚೋ ಕಡಿಮೆಯೋ ಹೇಳುತ್ತಿದ್ದಳು. ಆ ಒಂದು ವಿಷಯದಲ್ಲಿ ಅವಳ ಮಾತಿಗೆ ಎದುರಾಡುವವರು ಮನೆಯಲ್ಲೂ ಇರಲಿಲ್ಲ, ಹೋಟೆಲಿನಲ್ಲೂ ಇರಲಿಲ್ಲ.

ಅಂಥ ಮನೆಗೆ ಉಪ್ಪು ಬಯಸುವ ಬಸುರಿ ಸಿಕ್ಕಿದ್ದಳು. ಎಲ್ಲರೂ ಹುಣಸೆಹಣ್ಣು ಕೇಳುತ್ತಾರೆ, ಮಾವಿನಕಾಯಿ ಕೇಳುತ್ತಾರೆ. ಪ್ರಣಮ್ಯಾಳಿಗೆ ಬೇಕಾದದ್ದು ಬರೀ ಉಪ್ಪು. ಮೂರನೇ ತಿಂಗಳಿಗೇ ಶುರುವಾಯಿತು. ಮೊದಮೊದಲು ಉಪ್ಪಿನಕಾಯಿಯ ರಸವನ್ನು ಚಮಚದಲ್ಲಿ ನೆಕ್ಕುತ್ತಿದ್ದಳು. ಆಮೇಲೆ ಊರಿನಿಂದ ಬಂದ ಉಪ್ಪು ಸೊಳೆಯ ಭರಣಿಗೆ ಕೈಹಾಕಿದಳು. ಉಪ್ಪಿನಲ್ಲಿಟ್ಟ ಆ ಹಲಸಿನ ಸೊಳೆಯನ್ನು ಮೂರು ನೀರಿನಲ್ಲಿ ಹಿಂಡಿ ತೊಳೆಯದೆ ಯಾರೂ ಬಾಯಿಗಿಡುವುದಿಲ್ಲ. ಇವಳು ಭರಣಿಯಿಂದ ತೆಗೆದವಳೇ ಹಾಗೆಯೇ ಜಗಿಯುತ್ತಿದ್ದಳು, ಕೊನೆಗೆ ತಳದ ನೀರನ್ನೂ ಕುಡಿಯುತ್ತಿದ್ದಳು. ಒಂದು ದಿನ ಪ್ರೇಮಮ್ಮ ಅಡುಗೆಮನೆಗೆ ಬಂದರೆ, ಸೊಸೆ ಕಲ್ಲುಪ್ಪಿನ ಹರಳನ್ನು ಕಲ್ಲುಸಕ್ಕರೆಯ ಹಾಗೆ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ನಿಂತಿದ್ದಾಳೆ!

"ಎಂತ ಹೆಣ್ಣೆ ಇದ್! ದನಕ್ಕೆ ಇಟ್ಟಾಂಗೆ ಉಪ್ಪ್ ತಿಂತೆ ಅಲ್ದಾ!"

"ತಡ್ಕೊಳ್ಳಕ್ಕೆ ಆಗಲ್ಲ ಅತ್ತೆ. ಇದನ್ನ ತಿಂದ್ರೆ ಮಾತ್ರ ಕೊಂಜ ಜೀವ ಬಂದಂಗೆ ಆಗತ್ತೆ," ಎಂದಳು ಪ್ರಣಮ್ಯಾ. ಅವಳು ಹುಟ್ಟಿ ಬೆಳೆದದ್ದೆಲ್ಲ ಇದೇ ಊರು. ಕನ್ನಡದ ಮಧ್ಯೆ ತಮಿಳು ತಾನಾಗಿ ನುಗ್ಗಿ ಬರುತ್ತಿತ್ತು. ತಾಯಿ ಚಿಕ್ಕಂದಿನಲ್ಲೇ ಹೋಗಿದ್ದಳು. ತಂದೆ ಕೊಯಮತ್ತೂರಿನ ಕ್ಯಾಂಟೀನೊಂದರಲ್ಲಿ ಅಡುಗೆಗಿದ್ದ. ಹಾಗಾಗಿ ನೋವಿರಲಿ ನಲಿವಿರಲಿ, ಅವಳಿಗೆ ಇದ್ದದ್ದು ಅತ್ತೆಯೊಬ್ಬಳೇ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಂಬಿದ್ದ ಪ್ರೇಮಮ್ಮ ಊರಿಗೆ ಫೋನು ಮಾಡಿ ಇನ್ನೊಂದು ಭರಣಿ ತರಿಸಿಕೊಟ್ಟಳು. ಹುಡುಗಿ ಕಪ್ಪಾಗುತ್ತಾ ಹೋದಳು. ಮುಖದ ಬಂಗು ಸಾಲದೆಂದು ಅಂಗೈಯ ಗೆರೆಗಳು ಮಸಿ ಬಳಿದಂತಾದವು. ಹಲ್ಲುಜ್ಜುವಾಗ ನೋಡಿದರೆ ಒಸಡಿನ ಮೇಲೂ ನೇರಳೆಹಣ್ಣು ತಿಂದ ಹಾಗೆ ಕಲೆ. ಬಸಿರಿನ ಬಣ್ಣ ಅಲ್ಲವೆ, ಎಲ್ಲೆಲ್ಲಿ ಬೇಕಾದರೂ ಹತ್ತುತ್ತದೆ ಎಂದುಕೊಂಡರು ಎಲ್ಲರೂ.

ಎಲ್ಲ ಬದಲಾದದ್ದು ಸೀಮಂತದ ಮಾರನೆಯ ದಿನ. ಹಿಂದಿನ ದಿನವಿಡೀ ಕೂತು, ನಿಂತು, ಬಂದವರಿಗೆಲ್ಲ ನಮಸ್ಕಾರ ಮಾಡಿ ಮಾಡಿ ಪ್ರಣಮ್ಯಾಳ ಪಾದಗಳು ದಪ್ಪಗಾಗಿದ್ದವು. ಎಣ್ಣೆ ಹಚ್ಚಲು ಕೂತ ಪ್ರೇಮಮ್ಮ ಹರಡಿನ ಮೇಲೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಮತ್ತೊಮ್ಮೆ ಒತ್ತಿದಳು. ಮತ್ತೂ ಒಂದು ಗುಳಿ ಬಿತ್ತು.

ಅಂಥ ಗುಳಿಯನ್ನು ಅವಳು ಹಿಂದೆ ಒಂದು ಸಲ ಕಂಡಿದ್ದಳು, ಮಗಳು ಗುಲಾಬಿಯ ಕಾಲಿನಲ್ಲಿ. ಗುಲಾಬಿ ರೂಪೇಶನಿಗಿಂತ ದೊಡ್ಡವಳು. ಮಾಧವರಂನ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ ಹುಡುಗನಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ಕಾಲು ಬಾತರೆ ಬಸುರಿಗೆ ಅದು ಇದ್ದದ್ದೇ ಎಂದು ಪ್ರೇಮಮ್ಮ ಕೇಳಿದ್ದನ್ನೆಲ್ಲ ಬಡಿಸಿದಳು; ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಒಂದೊಂದು ತುತ್ತಿಗೂ ಒಂದೊಂದು. ಎಂಟನೇ ತಿಂಗಳಲ್ಲಿ ಗುಲಾಬಿಗೆ ಬಿ.ಪಿ. ಏರಿ ಫಿಟ್ಸ್ ಬಂತು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಹೊರಗೆ ಬಂದ ಡಾಕ್ಟರು, "ಇಷ್ಟು ಊದುವವರೆಗೂ ಏನು ಮಾಡ್ತಿದ್ರಿ? ಉಪ್ಪಿನಕಾಯಿ ತಿನ್ನಿಸ್ತಾ ಕೂತಿದ್ರಾ?" ಎಂದು ಸಿಟ್ಟಿನಲ್ಲಿ ಅಂದುಬಿಟ್ಟಿದ್ದ. ಅವನು ಆ ಕ್ಷಣವೇ ಮರೆತಿರಬೇಕು. ಪ್ರೇಮಮ್ಮ ಮರೆಯಲಿಲ್ಲ. ಮಗಳನ್ನು ಉಪ್ಪು ಹಾಕಿ ಕೊಂದವಳು ನಾನೇ ಎಂಬ ಮಾತನ್ನು ಅವಳು ಯಾರ ಮುಂದೆಯೂ ಆಡಲಿಲ್ಲ, ಆದರೆ ನಂಬಿದ್ದು ಅದನ್ನೇ.

ಅಂದಿನಿಂದ ಪ್ರಣಮ್ಯಾಳ ಅಡುಗೆ ಬೇರೆಯಾಯಿತು. ಅವಳ ಸಾರು ಸಪ್ಪೆ, ಪಲ್ಯ ಸಪ್ಪೆ, ಮಜ್ಜಿಗೆಯೂ ಸಪ್ಪೆ. ಉಪ್ಪು ಸೊಳೆಯ ಭರಣಿ ಹೋಟೆಲಿಗೆ ಹೋಯಿತು. ಕಲ್ಲುಪ್ಪಿನ ಡಬ್ಬಿ ಬೀರುವಿನೊಳಗೆ ಸೇರಿ, ಬೀಗದ ಕೈ ಪ್ರೇಮಮ್ಮನ ಸೊಂಟಕ್ಕೆ ಬಂತು. ಮೊದಲ ತುತ್ತಿಗೇ ಪ್ರಣಮ್ಯಾ ಕೈ ಹಿಂತೆಗೆದಳು.

"ಅತ್ತೆ, ಇದ್ರಲ್ಲಿ ಉಪ್ಪೇ ಇಲ್ವಲ್ಲ."

"ಇಲ್ಲೆ. ಇನ್ ಹೆರಿಗೆವರೆಗೆ ಇಲ್ಲೆ. ಕಾಲ್ ಕಾಂತಿಲ್ಯಾ ನಿಂದ್? ಗುಲಾಬಿಗೂ ಹೀಂಗೇ ಊದಿದ್ದ್."

ಗುಲಾಬಿಯ ಹೆಸರು ಆ ಮನೆಯಲ್ಲಿ ಏಳುವುದೇ ಅಪರೂಪ. ಪ್ರಣಮ್ಯಾ ತಟ್ಟೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದಳು. "ಒಂದೇ ಒಂದು ಹರಳು. ಬಾಯಲ್ಲಿಟ್ಟು ಉಗೀತೀನಿ," ಎಂದಳು.

"ಬೇಡ ಮಗಾ. ನಿನ್ನ ಕಾಲ್ ಹಿಡಿತೆ ಬೇಕಾರೆ," ಎಂದು ಪ್ರೇಮಮ್ಮ ನಿಜವಾಗಿಯೂ ಬಗ್ಗಿದಳು. "ರೂಪೇಶಂಗೆ ಹೇಳ್ಬೇಡ. ಅಕ್ಕನ್ನ ಹೊತ್ಕಂಡ್ ಹೋದವ ಅವ. ಕಾಲ್ ಊದಿತ್ ಅಂತ ಗೊತ್ತಾರೆ ಅವಂಗೆ ಅನ್ನ ಸೇರುದಿಲ್ಲ, ನಿದ್ರೆ ಬಪ್ಪುದಿಲ್ಲ."

ಪ್ರಣಮ್ಯಾ ಹೇಳಲಿಲ್ಲ. ಅಷ್ಟು ಪ್ರೀತಿಯಿಂದ ಕೇಳಿದರೆ ಯಾರು ತಾನೇ ಹೇಳಿಯಾರು! ಸಪ್ಪೆ ಅನ್ನವನ್ನು ಕಣ್ಣು ಮುಚ್ಚಿ ನುಂಗುತ್ತಿದ್ದಳು, ಅರ್ಧ ವಾಂತಿಯಾಗುತ್ತಿತ್ತು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಹಾಸಿಗೆಯಿಂದ ಏಳುವುದಕ್ಕೂ ಗೋಡೆ ಹಿಡಿಯುತ್ತಿದ್ದಳು. ಒಂದು ಸಂಜೆ ಅವಳು ತನ್ನ ತೋಳಿನ ಬೆವರನ್ನು ನೆಕ್ಕುತ್ತಿದ್ದದ್ದನ್ನು ಪ್ರೇಮಮ್ಮ ಬಾಗಿಲ ಸಂದಿಯಿಂದ ಕಂಡಳು. ಕೈ ಸೊಂಟದ ಬೀಗದ ಕೈಗೆ ಹೋಯಿತು ಕೂಡ. ಆದರೆ ಕಣ್ಣ ಮುಂದೆ ಗುಲಾಬಿ ಬಂದು ನಿಂತಳು, ಹಲ್ಲು ಕಚ್ಚಿ, ಬಾಯಲ್ಲಿ ನೊರೆ. ಪ್ರೇಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹಿಂದಕ್ಕೆ ಸರಿದಳು.

ತಿಂಗಳ ತಪಾಸಣೆಗೆ ನಿಲ್ದಾಣದ ಬಳಿಯ ನರ್ಸಿಂಗ್ ಹೋಮಿಗೆ ಇಬ್ಬರೇ ಹೋದರು. ಹೊರಗೆ ಬಸುರಿಯರ ಸಾಲು ಬೀದಿಯವರೆಗೆ ಬೆಳೆದಿತ್ತು. ಡಾಕ್ಟರಮ್ಮ ಮುಖ ನೋಡಿ, "ಎಲ್ಲರಿಗೂ ಆಗತ್ತೆ, ಹೆರಿಗೆಯಾದ ಮೇಲೆ ಹೋಗತ್ತೆ. ಬಿಸಿಲಿಗೆ ಹೋಗಬೇಡ," ಎಂದು ಒಂದು ಕ್ರೀಮು ಬರೆದುಕೊಟ್ಟಳು. ಬಿ.ಪಿ. ನೋಡಿ, "ತುಂಬಾ ಕಡಿಮೆ ಇದೆಯಲ್ಲ. ಚೆನ್ನಾಗಿ ನೀರು, ಜ್ಯೂಸು ಕುಡಿ," ಎಂದಳು. ಕಡಿಮೆ ಎಂದದ್ದೇ ತಡ, ಪ್ರೇಮಮ್ಮನ ಜೀವಕ್ಕೆ ತಂಪೆರೆದಂತಾಯಿತು. ಗುಲಾಬಿಗೆ ಏರಿದ್ದು ಇವಳಿಗೆ ಇಳಿದಿದೆ! ಪಥ್ಯ ಕೈಹಿಡಿದಿದೆ!

"ಮೇಡಂ, ನನಗೆ ಊಟದಲ್ಲಿ..." ಎಂದು ಪ್ರಣಮ್ಯಾ ಬಾಯಿ ತೆರೆದಳು. ಮೇಜಿನ ಕೆಳಗೆ ಪ್ರೇಮಮ್ಮ ಅವಳ ತೊಡೆಯನ್ನು ಮೆಲ್ಲನೆ ಒತ್ತಿದಳು. "ಊಟದಲ್ಲಿ ಏನು?" ಎಂದಳು ಡಾಕ್ಟರಮ್ಮ, ಕಣ್ಣು ಆಗಲೇ ಬಾಗಿಲಲ್ಲಿದ್ದ ಮುಂದಿನವಳ ಮೇಲೆ. "ಏನಿಲ್ಲ, ಸೇರಲ್ಲ," ಎಂದಳು ಪ್ರಣಮ್ಯಾ. ವಾಪಸು ಬರುವಾಗ ಆಟೋದಲ್ಲಿ ಅತ್ತೆಯ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಪ್ರೇಮಮ್ಮ ದಾರಿಯುದ್ದಕ್ಕೂ ಅವಳ ತಲೆ ಅಲುಗದ ಹಾಗೆ ಕೈಯಿಟ್ಟು ಹಿಡಿದುಕೊಂಡಿದ್ದಳು.

ಆ ವಾರದ ಬಿಸಿಲು ಬೆಂಕಿ. ಒಂದು ಬೆಳಿಗ್ಗೆ ಪ್ರಣಮ್ಯಾಳಿಗೆ ಶುರುವಾದ ವಾಂತಿ ನಿಲ್ಲಲೇ ಇಲ್ಲ. ಪ್ರೇಮಮ್ಮ ಎಳನೀರು ಕೊಟ್ಟಳು, ಜೀರಿಗೆ ನೀರು ಕೊಟ್ಟಳು, ಸಪ್ಪೆ ಗಂಜಿ ಕೊಟ್ಟಳು. ಒಂದೂ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಡುಗಿ ತಣ್ಣನೆಯ ನೆಲ ಬೇಕೆಂದು ಹಾಸಿಗೆಯಿಂದ ಉರುಳಿ ನೆಲದ ಮೇಲೆ ಮಲಗಿದ್ದಳು. ಆ ಸುಡುವ ಹೊತ್ತಿನಲ್ಲಿ ಅವಳ ಕೈಕಾಲು ಮಂಜುಗಡ್ಡೆಯ ಹಾಗಿತ್ತು. "ಪ್ರಣಮ್ಯಾ, ಏಯ್ ಮಗಾ," ಎಂದು ಕೆನ್ನೆ ತಟ್ಟಿದರೆ ಕಣ್ಣು ತೆರೆದಳು. ತೆರೆದ ಕಣ್ಣಿಗೆ ಅತ್ತೆಯ ಗುರುತು ಹತ್ತಲಿಲ್ಲ. "ಅಮ್ಮಾ, ಉಪ್ಪು," ಎಂದಳು. ಅದು ಯಾವ ಅಮ್ಮನೋ. ಪ್ರೇಮಮ್ಮ ಮೆಟ್ಟಿಲ ಬಳಿ ಓಡಿ ಜಯಲಕ್ಷ್ಮೀಯನ್ನು ಕೂಗಿದಳು.

ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟ್ರೆಚರಿನ ಹಿಂದೆ ಓಡುವಷ್ಟರಲ್ಲಿ ರೂಪೇಶನೂ ಗಿಂಡಿಯಿಂದ ಬಂದು ಸೇರಿದ. ಅಂಗಿಯ ತುಂಬಾ ಹಿಟ್ಟಿನ ಕಲೆ, ಕಾಲಲ್ಲಿ ಹೋಟೆಲಿನ ಒಳಗೆ ಹಾಕುವ ಹವಾಯಿ ಚಪ್ಪಲಿ. ಒಬ್ಬ ಯುವ ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೇಳಿ, "ಮಗುವಿನ ಎದೆಬಡಿತ ಇದೆ, ಆದರೆ ನಿಧಾನ. ತಾಯಿಗೆ ಬಿ.ಪಿ.ಯೇ ಸಿಗುತ್ತಿಲ್ಲ," ಎಂದ. ಕೈಗೆ ಡ್ರಿಪ್ಪು ಏರಿಸಿದರು. ಅವನು ಇಬ್ಬರ ಕಡೆ ತಿರುಗಿದ. "ಏನು ತಿಂದಳು? ಹೊರಗಿನದು ಏನಾದರೂ? ನಾಟಿ ಔಷಧ, ಪಥ್ಯ, ಏನಾದರೂ ಮಾಡಿದ್ರಾ? ಬಚ್ಚಿಡಬೇಡಿ, ಜೀವದ ಪ್ರಶ್ನೆ."

"ಏನೂ ಇಲ್ಲ ಸಾರ್. ಅಮ್ಮನೇ ಅಡುಗೆ ಮಾಡೋದು. ಅಮ್ಮ ಮಗಳ ಹಾಗೆ ನೋಡಿಕೊಳ್ತಾರೆ," ಎಂದ ರೂಪೇಶ್, ತಮಿಳಿನಲ್ಲಿ.

ಡಾಕ್ಟರು ಪ್ರೇಮಮ್ಮನ ಮುಖ ನೋಡಿದ. ಮಗನೂ ನೋಡಿದ. ಅವನ ಕಣ್ಣಿನಲ್ಲಿ ಚೂರೂ ಅನುಮಾನವಿರಲಿಲ್ಲ, ಅದೇ ಅವಳ ನಾಲಿಗೆಯನ್ನು ಕಟ್ಟಿಹಾಕಿತು. ಹೇಳಿದರೆ ಇವನು ಕೇಳುತ್ತಾನೆ: ಗುಲಾಬಿಯನ್ನು ಉಪ್ಪು ತಿನ್ನಿಸಿ ಕಳೆದೆ, ಇವಳಿಗೆ ಉಪ್ಪು ಕೊಡದೆ ಹೀಗೆ ಮಾಡಿದೆಯಾ ಎಂದು. ಅಲ್ಲದೆ ಅವಳಿಗೆ ಈಗಲೂ ತಾನು ಮಾಡಿದ್ದು ತಪ್ಪೆಂದು ಪೂರ್ತಿ ಅನಿಸಿರಲಿಲ್ಲ. ಉಪ್ಪು ಬಿಟ್ಟವರು ಎಷ್ಟು ಜನರಿಲ್ಲ, ಸತ್ತಿದ್ದಾರೆಯೇ? "ಎಲ್ಲ ಸಮಾ ತಿಂತಿದ್ಳ್," ಎಂದಳು. ತಮಿಳಿನಲ್ಲಿ ಇನ್ನೊಮ್ಮೆ ಹೇಳಿದಳು. ಯುವ ಡಾಕ್ಟರು ಹೊಟ್ಟೆಗೆ ಸೋಂಕು ತಗಲಿರಬೇಕು ಎಂದುಕೊಂಡು ಒಳಗೆ ಹೋದ.

ಹೊರಗಿನ ಬೆಂಚಿನಲ್ಲಿ ತಾಯಿ ಮಗ ಕೂತರು. ಡ್ರಿಪ್ಪು ಏರಿಸಿದ್ದಾರಲ್ಲ, ಸರಿಹೋಗುತ್ತಾಳೆ ಎಂದು ಪ್ರೇಮಮ್ಮ ತನಗೆ ತಾನೇ ಹೇಳಿಕೊಂಡಳು. ರೂಪೇಶ್ ಟೀ ತಂದುಕೊಟ್ಟ. ಅವಳು ಲೋಟವನ್ನು ಕೈಯಲ್ಲೇ ಹಿಡಿದುಕೊಂಡಳು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು, ಮುಚ್ಚಿದಾಗ ಕೂರುತ್ತಿದ್ದಳು. ಗೋಡೆಯ ಮೇಲಿನ ಬಿಸಿಲು ಕೆಳಗಿಳಿದು ನೆಲಕ್ಕೆ ಬಂತು. ಕಡೆಗೆ ಹಿರಿಯ ಡಾಕ್ಟರಮ್ಮ ಒಬ್ಬಳು ಕೈಯಲ್ಲಿ ಚೀಟಿ ಹಿಡಿದು ಬಂದಳು. ಕೂದಲು ಪೂರ್ತಿ ನೆರೆತಿತ್ತು, ಮಾತು ಮಾತ್ರ ಮೃದು.

"ರಕ್ತ ಪರೀಕ್ಷೆ ಬಂತು. ಮೈಯಲ್ಲಿ ಉಪ್ಪಿನಂಶ ಪೂರ್ತಿ ಇಳಿದುಹೋಗಿದೆ. ಬರೀ ವಾಂತಿಯಿಂದ ಇಷ್ಟಾಗಲ್ಲ. ಯಾಕೆ ಅಂತ ನಮಗೆ ಗೊತ್ತಾಗ್ತಿಲ್ಲ," ಎಂದಳು.

ಪ್ರೇಮಮ್ಮನ ಕೈಯಿಂದ ಟೀ ಲೋಟ ಜಾರಿತು. ದೇವರೇ, ಇನ್ನು ಬಾಯಿ ಮುಚ್ಚಿಕೊಂಡರೆ ನಾನು ಮನುಷ್ಯಳಲ್ಲ ಎಂದುಕೊಂಡಳು. ಮಗನ ಕಡೆ ನೋಡದೆ ಡಾಕ್ಟರಮ್ಮನ ಎರಡೂ ಕೈ ಹಿಡಿದಳು. "ಉಪ್ಪು ನಾನೇ ನಿಲ್ಲಿಸಿದ್ದೆ. ಕಾಲು ಊದಿತ್ತು. ಬೀಗ ಹಾಕಿಟ್ಟಿದ್ದೆ. ಹುಡುಗಿ ಬೇಡಿಕೊಂಡ್ಳು, ನಾನು ಕೊಡಲಿಲ್ಲ," ಎಂದು ತನಗೆ ಬಂದ ತಮಿಳಿನಲ್ಲಿ ಹೇಳಿದಳು.

"ಬೇಡಿಕೊಂಡಳಾ?" ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. "ಅದಕ್ಕೆ ಮೊದಲು ಎಷ್ಟು ತಿಂತಿದ್ದಳು?"

"ಹಿಡಿಹಿಡಿ. ಕಲ್ಲುಪ್ಪನ್ನೇ ಬಾಯಿಗೆ ಹಾಕಿಕೊಳ್ತಿದ್ಳು. ಅದನ್ನು ತಿಂದರೆ ಮಾತ್ರ ಜೀವ ಬಂದಂಗೆ ಆಗತ್ತೆ ಅಂತಿದ್ಳು."

ಡಾಕ್ಟರಮ್ಮ ಮುಂದಿನ ಮಾತು ಕೇಳಲಿಲ್ಲ. ಸರಸರನೆ ಒಳಗೆ ಹೋದಳು, ಪ್ರೇಮಮ್ಮನೂ ಹಿಂದೆಯೇ ನುಗ್ಗಿದಳು, ಯಾರೂ ತಡೆಯಲಿಲ್ಲ. ಡಾಕ್ಟರಮ್ಮ ಪ್ರಣಮ್ಯಾಳ ಅಂಗೈ ಬಿಡಿಸಿ ಕಪ್ಪು ಗೆರೆಗಳನ್ನು ನೋಡಿದಳು. ಮೊಣಕೈ ನೋಡಿದಳು. ತುಟಿ ಸರಿಸಿ ಟಾರ್ಚು ಬಿಟ್ಟು ಒಸಡು ನೋಡಿದಳು. "ಈ ಬಣ್ಣ ಯಾವಾಗಿಂದ?"

"ಅದು ಬಸಿರಿನ ಬಣ್ಣ ಅಲ್ವಾ..."

"ಅಲ್ಲಮ್ಮ," ಎಂದಳು ಡಾಕ್ಟರಮ್ಮ. "ಕೆನ್ನೆ ಕಪ್ಪಾಗತ್ತೆ, ಹೊಟ್ಟೆಯ ಮೇಲೆ ಗೆರೆ ಬರತ್ತೆ, ಅದು ಬಸಿರಿನದು. ಒಸಡು ಹೀಗೆ ಕಪ್ಪಾಗಲ್ಲ." ನರ್ಸಿನ ಕಡೆ ತಿರುಗಿ ಒಂದು ಇಂಜೆಕ್ಷನ್ನಿನ ಹೆಸರು ಕೂಗಿದಳು. ಯುವ ಡಾಕ್ಟರು ತಾನೇ ಓಡಿಹೋಗಿ ತಂದ. ಆಮೇಲೆ ಅವನು ಯಂತ್ರವನ್ನು ಮತ್ತೆ ಹೊಟ್ಟೆಯ ಮೇಲಿಟ್ಟ. ಒಂದು ಕಡೆ ಇಟ್ಟ, ಇನ್ನೊಂದು ಕಡೆ ಇಟ್ಟ, ಕೆಳಗೆ ಇಟ್ಟ. ಪ್ರೇಮಮ್ಮ ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಯಂತ್ರದಿಂದ ಗಾಳಿ ಬೀಸಿದಂಥ ಸದ್ದು ಬಿಟ್ಟು ಬೇರೇನೂ ಬರಲಿಲ್ಲ.

ಸಂಜೆ ಡಾಕ್ಟರಮ್ಮ ರೂಪೇಶನನ್ನು ಕೂರಿಸಿಕೊಂಡು ವಿವರಿಸಿದಳು. ಮೂತ್ರಪಿಂಡಗಳ ಮೇಲೆ ಚಿಕ್ಕ ಗ್ರಂಥಿಗಳು ಇರುತ್ತವೆ, ಇವಳವು ಕೆಲಸ ನಿಲ್ಲಿಸಿವೆ. ಅವು ನಿಂತರೆ ಮೈಯಲ್ಲಿ ಉಪ್ಪು ನಿಲ್ಲುವುದಿಲ್ಲ, ಚರ್ಮ ಕಪ್ಪಾಗುತ್ತದೆ, ಉಪ್ಪು ಬೇಕೆಂದು ಜೀವ ಬಡಿದುಕೊಳ್ಳುತ್ತದೆ. ಜೀವಮಾನವಿಡೀ ಮಾತ್ರೆ ತೆಗೆದುಕೊಂಡರೆ ಎಲ್ಲರ ಹಾಗೆ ಇರಬಹುದು. ತಾಯಿ ಉಳಿದಳು, ಮಗು ಹೋಯಿತು. ಬಸಿರಿನಲ್ಲಿ ಇದನ್ನು ಪತ್ತೆ ಮಾಡುವುದು ಡಾಕ್ಟರುಗಳಿಗೂ ಕಷ್ಟ ಎಂದೂ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಪ್ರೇಮಮ್ಮನ ಕಡೆ ನೋಡಿಯೇ ಹೇಳಿದಳೋ ಏನೋ. ಆ ಕರುಣೆ ಪ್ರೇಮಮ್ಮನಿಗೆ ಬಯ್ಗುಳಕ್ಕಿಂತ ಹೆಚ್ಚು ಉರಿಯಿತು.

ಸತ್ತ ಮಗುವನ್ನೇ ಹೆರಬೇಕಾಯಿತು ಪ್ರಣಮ್ಯಾ. ಹೆಣ್ಣು. ರೂಪೇಶ್ ಅದನ್ನು ಬಿಳಿ ಬಟ್ಟೆಯಲ್ಲಿ ತೆಗೆದುಕೊಂಡು ಹೋಗಿ ಮಣ್ಣು ಮಾಡಿ ಬಂದ. ಬಂದವನು ನಲ್ಲಿಯ ಕೆಳಗೆ ಕೈ ತೊಳೆಯುತ್ತಾ ನಿಂತ. ತೊಳೆದೇ ತೊಳೆದ. ಪ್ರೇಮಮ್ಮ ಟವೆಲು ಹಿಡಿದುಕೊಂಡು ಪಕ್ಕದಲ್ಲಿ ಕಾದಳು. ಅವನು ಟವೆಲು ತೆಗೆದುಕೊಳ್ಳಲಿಲ್ಲ.

"ಮೊದ್ಲ್ ಡಾಕ್ಟ್ರ್ ಕೇಂಬತಿಗೆ ಎಂತಕ್ ಹೇಳ್ಲಿಲ್ಲೆ ಅಮ್ಮ?" ಎಂದ. ಸಿಟ್ಟಿನಿಂದ ಕೇಳಿದ್ದರೆ ಅವಳು ಅಳಬಹುದಿತ್ತು, ಎದೆ ಬಡಿದುಕೊಳ್ಳಬಹುದಿತ್ತು. ಅವನು ಸುಮ್ಮನೆ ಗೊತ್ತಿಲ್ಲದ್ದನ್ನು ಕೇಳುವವನ ಹಾಗೆ ಕೇಳಿದ. "ಅಷ್ಟೊತ್ತಿಗೆ ಅದ್ರ ಎದೆ ಹೊಡ್ಕಂತಿದ್ದಿತ್ ಅಲ್ದಾ."

ಪ್ರೇಮಮ್ಮನಿಗೆ ಉತ್ತರ ಗೊತ್ತಿತ್ತು. ನಿನ್ನ ಮುಖಕ್ಕೆ ಹೆದರಿದೆ ಎನ್ನುವುದೊಂದೇ ಉತ್ತರ. ಅದನ್ನು ಅವನ ತಲೆಗೆ ಕಟ್ಟಲು ಅವಳಿಗೆ ಬಾಯಿ ಬರಲಿಲ್ಲ. ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಔಷಧಿ ತರಲು ಹೋದ. ಆಮೇಲೆ ಅವನು ತಾಯಿಯ ಜೊತೆ ಮಾತು ಬಿಟ್ಟನೆಂದಲ್ಲ. ಊಟ ಬಂತು, ಮಾತ್ರೆ ಕೊಡು, ಆಟೋ ಕರಿತೆ, ಇಷ್ಟು ಆಡುತ್ತಿದ್ದ. ಅಮ್ಮ ಎಂದು ಮಾತ್ರ ಕರೆಯಲಿಲ್ಲ.

ಪ್ರಣಮ್ಯಾಳಿಗೆ ಎಲ್ಲವೂ ಗೊತ್ತಾಗಿತ್ತು, ಯಾರು ಹೇಳಿದರೋ. ಅವಳು ಅತ್ತೆಯನ್ನು ಏನೂ ಕೇಳಲಿಲ್ಲ, ಬಯ್ಯಲಿಲ್ಲ. ಪ್ರೇಮಮ್ಮ ಮಂಚದ ಬಳಿ ಬಂದರೆ ಕಣ್ಣು ಮುಚ್ಚುತ್ತಿದ್ದಳು, ಅಷ್ಟೇ. ತುತ್ತು ಇಟ್ಟರೆ ನರ್ಸಿಗೆ ಕೊಡಲು ಹೇಳುತ್ತಿದ್ದಳು. ಅವಳ ಮೈಗೆ ಬೆಚ್ಚಗಿನ ಜೀವ ಬಂದಿತ್ತು, ಎದ್ದು ಕೂರುತ್ತಿದ್ದಳು. ಪ್ರೇಮಮ್ಮ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತು, ಆ ಹುಡುಗಿ ಉಳಿದದ್ದಕ್ಕೆ ದೇವರಿಗೆ ಕೈಮುಗಿಯುವುದೋ, ತನ್ನನ್ನು ಉಳಿಸಿದ್ದಕ್ಕೆ ದೇವರನ್ನು ಬಯ್ಯುವುದೋ ತಿಳಿಯದೆ ದಿನ ಕಳೆದಳು.

ಆಮೇಲೆ ಒಂದು ಬೆಳಿಗ್ಗೆ ಒಳಗಿನಿಂದ ನರಳುವ ಸದ್ದು ಕೇಳಿ ಎದ್ದು ಹೋದಳು. ಪ್ರಣಮ್ಯಾಳ ನೈಟಿಯ ಎದೆ ಎರಡೂ ಕಡೆ ತೊಯ್ದಿತ್ತು. ಮಗು ಇಲ್ಲವೆಂದು ಮೈಗೆ ಯಾರು ಹೇಳಬೇಕು! ಎದೆ ಕಲ್ಲಾಗಿ, ಜ್ವರ ಬಂದವಳಂತೆ ಹಲ್ಲು ಕಚ್ಚಿ ಕೂತಿದ್ದಳು. ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಆಯಾ ಅವಳನ್ನೂ ಪ್ರೇಮಮ್ಮನನ್ನೂ ನೋಡಿ, ಡಾಕ್ಟರು ಕೊಟ್ಟ ಮಾತ್ರೆ ತನ್ನ ಕೆಲಸ ಮಾಡಲಿ, ನೀವು ಮಲ್ಲಿಗೆ ಹೂವು ತಂದು ಎದೆಗೆ ಕಟ್ಟಿ, ಹಾಲು ಬತ್ತುತ್ತದೆ ಎಂದಳು. ಪ್ರೇಮಮ್ಮನಿಗೂ ಅದು ಗೊತ್ತಿದ್ದದ್ದೇ. ಅವಳು ಚಪ್ಪಲಿ ಮೆಟ್ಟುವುದನ್ನೂ ಮರೆತು ಗೇಟಿನ ಕಡೆ ಹೋದಳು.

ಗೇಟಿನ ಬಳಿ ಹೂವಿನವಳು ಬುಟ್ಟಿಯ ಒದ್ದೆ ಬಟ್ಟೆ ಸರಿಸಿದಳು. ಮೊಳ ಹಾಕಲು ಮಾಲೆಯ ತುದಿಯನ್ನು ಬೆರಳಿಗೆ ಹಿಡಿದು, "ತಲೈಕ್ಕಾಮ್ಮಾ, ಸಾಮಿಕ್ಕಾ?" ಎಂದು ಕೇಳಿದಳು, ಮುಡಿಗೋ ದೇವರಿಗೋ ಎಂದು. ಪ್ರೇಮಮ್ಮ ಎರಡಕ್ಕೂ ಅಲ್ಲವೆಂದು ತಲೆಯಾಡಿಸಿದಳು. ಹೂವಿನವಳು ಅವಳ ಮುಖವನ್ನೂ, ಹಿಂದಿನ ಆಸ್ಪತ್ರೆಯ ಬೋರ್ಡನ್ನೂ, ಬರಿಗಾಲನ್ನೂ ನೋಡಿದಳು. ಮತ್ತೆ ಕೇಳಲಿಲ್ಲ. ಮೊಳ ಹಾಕದೆಯೇ ಉದ್ದಕ್ಕೆ ಕಿತ್ತು ಎಲೆಯಲ್ಲಿ ಸುತ್ತಿ ಕೊಟ್ಟಳು.

ವಾರ್ಡಿನಲ್ಲಿ ಆಯಾ ಪರದೆ ಎಳೆದುಕೊಟ್ಟಳು. ಪ್ರೇಮಮ್ಮ ತನ್ನ ಹಳೆಯ ಸೀರೆಯೊಂದನ್ನು ಹರಿದು ಅಗಲದ ಪಟ್ಟಿ ಮಾಡಿದಳು. ಹೂವನ್ನು ಸುರುಳಿ ಸುತ್ತಿ ಎರಡು ಬಿಲ್ಲೆ ಮಾಡಿದಳು. "ಹೆಣ್ಣೆ," ಎಂದಳು. "ನಾ ಕಟ್ಟುದ್ ಬೇಡದಿದ್ರೆ ಆಯಾ ಕಟ್ಲಿ," ಎಂದು ಮೆಲ್ಲಗೆ ಹೇಳಿ, ಪಟ್ಟಿ ಹಿಡಿದುಕೊಂಡು ನಿಂತಳು.

ಪ್ರಣಮ್ಯಾ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಆಮೇಲೆ ಮುಖ ತಿರುಗಿಸದೆಯೇ, ಪಟ್ಟಿ ಸುತ್ತಲು ಅನುವಾಗುವಂತೆ, ಎರಡೂ ಕೈಗಳನ್ನು ಮೇಲೆತ್ತಿದಳು.